ಪೆಟ್ರೋಲ್ ವಾಸನೆ ಬಂದದ್ದು ಯಾವಾಗ?

ಕಾರಿನಲ್ಲಿ ಪೆಟ್ರೋಲ್ ವಾಸನೆ ಬಂದ ಕೂಡಲೇ ಬಾನೆಟ್ ಎತ್ತಿ ಮೂಸುತ್ತಾ ಹೊರಡುವವರೇ ಹೆಚ್ಚು. ಈ ಕೆಲಸದಲ್ಲಿ ಮೂಗನ್ನು ಪೂರ್ತಿ ನಂಬುವಂತಿಲ್ಲ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗಿಂತ ಕಡಿಮೆ ಆವಿ ಇದ್ದರೂ ಅದು ಪೆಟ್ರೋಲನ್ನು ಪತ್ತೆಹಚ್ಚುತ್ತದೆ, ಆದರೆ ಕೆಲವೇ ನಿಮಿಷಗಳಲ್ಲಿ ಆ ವಾಸನೆಗೆ ಒಗ್ಗಿಹೋಗಿ ಸುಮ್ಮನಾಗುತ್ತದೆ. ಅದೂ ಅಲ್ಲದೆ ಪೆಟ್ರೋಲ್ ಆವಿ ಗಾಳಿಗಿಂತ 3–4 ಪಟ್ಟು ಭಾರ. ಸೋರಿದ ಜಾಗದಲ್ಲಿ ನಿಲ್ಲದೆ ತಗ್ಗಿನತ್ತ ಹರಿಯುತ್ತದೆ. ಹಾಗಾಗಿ ವಾಸನೆ ಎಲ್ಲಿಂದ ಎಂದು ಹುಡುಕುವ ಮೊದಲು ಯಾವಾಗ ಬರುತ್ತದೆ ಎಂದು ಗಮನಿಸಬೇಕು. ಪೆಟ್ರೋಲ್ ತುಂಬಿಸಿದ ಮೇಲೋ, ತಣ್ಣಗಿನ ಬೆಳಗಿನಲ್ಲೋ, ಓಡುವಾಗಲೋ ಎಂಬುದು ಗೊತ್ತಾದರೆ ಹುಡುಕುವ ಜಾಗ ಬಹಳ ಕಿರಿದಾಗುತ್ತದೆ.

ಅದಕ್ಕೂ ಮೊದಲು ಕಾರಿನ ಕೆಳಗೊಮ್ಮೆ ಬಗ್ಗಿ ನೋಡಿ. ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬಾರದು. ಗಾಳಿಯಲ್ಲಿ ಆವಿಯ ಪ್ರಮಾಣ ಶೇ. 1.4ರಿಂದ 7.6ರ ನಡುವೆ ಇದ್ದರೆ ಒಂದು ಕಿಡಿ ಸಾಕು. ಬ್ಯಾಟರಿ ಟರ್ಮಿನಲ್ ಕಳಚಲು ಕೈ ಹಾಕುವುದೂ ಆಗ ತಪ್ಪು, ಕಿಡಿ ಹಾರುವುದೇ ಅಲ್ಲಿ. ಕಾರನ್ನು ತಳ್ಳಿ ಬಯಲಿಗೆ ತಂದು, ಒಣಪುಡಿಯ ಅಗ್ನಿಶಾಮಕವನ್ನು ಕೈಗೆಟಕುವಂತೆ ಇಟ್ಟುಕೊಂಡು ಮುಂದುವರಿಯಿರಿ.

ಪೆಟ್ರೋಲ್ ತುಂಬಿಸಿದ ದಿನ ಮಾತ್ರ ವಾಸನೆ ಬರುತ್ತಿದ್ದರೆ ಮೊದಲು ಟ್ಯಾಂಕಿನ ಮುಚ್ಚಳ ನೋಡಿ. ಅದರ ರಬ್ಬರ್ ಉಂಗುರದಲ್ಲಿ ಬಿರುಕಿದೆಯೇ, ತಿರುಗಿಸಿ ಬಿಗಿದಾಗ ಬರಬೇಕಾದ ಕಟಕಟ ಸದ್ದು ಬರುತ್ತದೆಯೇ ಎಂಬುದು ಅರ್ಧ ನಿಮಿಷದ ಪರೀಕ್ಷೆ. ಮುಚ್ಚಳ ಸರಿಯಿದ್ದರೆ ಅನುಮಾನ ಇದ್ದಿಲಿನ ಡಬ್ಬಿಯ ಮೇಲೆ, ಮೆಕ್ಯಾನಿಕ್‌ಗಳು ಕ್ಯಾನಿಸ್ಟರ್ ಎನ್ನುವುದು ಅದನ್ನೇ. ಟ್ಯಾಂಕಿನಲ್ಲಿ ಹುಟ್ಟುವ ಆವಿಯನ್ನು ಈ ಇದ್ದಿಲು ಹಿಡಿದಿಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದು, ಆ ಆವಿಯನ್ನು ಎಂಜಿನ್ ಎಳೆದುಕೊಂಡು ಸುಡುತ್ತದೆ. ಇದ್ದಿಲು ಹಿಡಿಯಬಲ್ಲದ್ದು ಆವಿಯನ್ನು, ದ್ರವವನ್ನಲ್ಲ. ಪಂಪ್ ತಾನೇ ಕಟ್ ಆದ ಮೇಲೂ ‘ಇನ್ನೊಂಚೂರು ಹಾಕಿ’ ಎಂದು ಒತ್ತಿ ತುಂಬಿಸುವ ಚಾಳಿಯಿಂದ ಪೆಟ್ರೋಲೇ ಡಬ್ಬಿಗೆ ನುಗ್ಗುತ್ತದೆ. ಹಾಗೆ ಒಮ್ಮೆ ಚೆನ್ನಾಗಿ ನೆನೆದ ಡಬ್ಬಿ ಸಾಮಾನ್ಯವಾಗಿ ಮತ್ತೆ ಮೊದಲಿನಂತಾಗುವುದಿಲ್ಲ.

ವಾಸನೆಯ ಜೊತೆಗೆ, ಪೆಟ್ರೋಲ್ ತುಂಬಿಸಿದ ಕೂಡಲೇ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸುತ್ತಿದ್ದರೆ ಪರ್ಜ್ ವಾಲ್ವ್ ತೆರೆದೇ ನಿಂತಿರಬಹುದು. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ವಾಲ್ವ್ ಬಿಚ್ಚಿ ಊದಿ ನೋಡಿ. ಕರೆಂಟ್ ಇಲ್ಲದಾಗ ಅದು ಮುಚ್ಚಿರಬೇಕು, ಗಾಳಿ ದಾಟಿದರೆ ಕೆಟ್ಟಿದೆ ಎಂದರ್ಥ. ಊದಲು ಸಣ್ಣ ಕೈಪಂಪ್ ಬಳಸಿ, ಬಾಯಿ ಬೇಡ.

ಟ್ಯಾಂಕ್ ತುಂಬಿದ್ದಾಗ, ಅದರಲ್ಲೂ ತಿರುವುಗಳಲ್ಲಿ ಹಿಂದಿನ ಸೀಟಿನಲ್ಲಿ ಕೂತವರಿಗೆ ವಾಸನೆ ಹೊಡೆದು, ಟ್ಯಾಂಕ್ ಅರ್ಧಕ್ಕಿಳಿದ ಮೇಲೆ ಮಾಯವಾದರೆ ತಪ್ಪು ಟ್ಯಾಂಕಿನ ನೆತ್ತಿಯಲ್ಲಿದೆ. ಬಹಳಷ್ಟು ಕಾರುಗಳಲ್ಲಿ ಹಿಂದಿನ ಸೀಟಿನ ಕುಶನ್ ಎತ್ತಿದರೆ ಒಂದು ತಗಡಿನ ಮುಚ್ಚಳ ಸಿಗುತ್ತದೆ. ಅದರಡಿ ಪೆಟ್ರೋಲ್ ಪಂಪ್ ಕೂರಿಸಿದ ದೊಡ್ಡ ಉಂಗುರ. ಒರೆಸುವ ಮೊದಲು ಟಾರ್ಚ್ ಹಾಕಿ ಧೂಳನ್ನೇ ನೋಡಿ. ವರ್ಷಗಟ್ಟಲೆ ಕೂತ ಧೂಳು ಒಂದು ಮಗ್ಗುಲಲ್ಲಿ ಮಾತ್ರ ಕಪ್ಪಾಗಿ ಅಂಟಂಟಾಗಿದ್ದರೆ, ಅಥವಾ ಅಲ್ಲಿ ಮಾತ್ರ ತೊಳೆದಂತೆ ಸ್ವಚ್ಛವಾಗಿದ್ದರೆ, ಪೆಟ್ರೋಲ್ ಹೊರಬರುವ ದಾರಿ ಅದೇ. ಉಂಗುರದಡಿಯ ಸೀಲ್ ಪೆಟ್ರೋಲಿನಲ್ಲಿ ಉಬ್ಬಿರುತ್ತದೆ, ಬಿಚ್ಚಿದ ಮೇಲೆ ಮತ್ತೆ ಅದರ ಜಾಗದಲ್ಲಿ ಕೂರುವುದಿಲ್ಲ. ಉಳಿತಾಯ ಮಾಡಲು ಹೋಗದೆ ಹೊಸದನ್ನೇ ಹಾಕಿ.

ತಣ್ಣಗಿನ ಬೆಳಗಿನಲ್ಲಿ ಸ್ಟಾರ್ಟ್ ಮಾಡಿದಾಗ ಬಂದು, ಎಂಜಿನ್ ಬಿಸಿಯಾಗುತ್ತಲೇ ಹೋಗುವ ವಾಸನೆಯೇ ಜನರನ್ನು ಹೆಚ್ಚು ಏಮಾರಿಸುವುದು. ವಯಸ್ಸಾದ ರಬ್ಬರ್ ಚಳಿಗೆ ಗಟ್ಟಿಯಾಗಿ ಕುಗ್ಗುತ್ತದೆ, ಬಿಸಿಗೆ ಹಿಗ್ಗಿ ಸಂದು ಮುಚ್ಚುತ್ತದೆ. ಅಷ್ಟರಲ್ಲಿ ಸೋರಿದ ನಾಲ್ಕು ಹನಿಯೂ ಬಿಸಿ ಎಂಜಿನ್ ಮೇಲೆ ಆರಿಹೋಗಿರುತ್ತದೆ. ಗ್ಯಾರೇಜಿಗೆ ಒಯ್ದಾಗ ಎಲ್ಲ ಒಣ! ಪೆಟ್ರೋಲ್ ಒತ್ತಡದ ಪೈಪು ಸೋರಿದರೆ ಕಾರಿನ ಕಂಪ್ಯೂಟರ್ ದೋಷದ ಕೋಡ್ ತೋರಿಸುವುದೂ ಅಪರೂಪ. ಪಿ0455, ಪಿ0457ರಂಥ ಕೋಡ್‌ಗಳು ಆವಿಯ ಸೋರಿಕೆಗೆ ಸಂಬಂಧಿಸಿದವು. ಆದ್ದರಿಂದ ರಾತ್ರಿಯಿಡೀ ತಣಿದ ಕಾರನ್ನೇ ಪರೀಕ್ಷಿಸಬೇಕು. ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದರೆ ಪಂಪ್ ಸುಮಾರು 2 ಸೆಕೆಂಡ್ ಓಡಿ ಒತ್ತಡ ತುಂಬುತ್ತದೆ, ಸಾಮಾನ್ಯ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಹೆಚ್ಚುಕಡಿಮೆ 3–4 ಬಾರ್. ಮೂರು-ನಾಲ್ಕು ಸಲ ಹೀಗೆ ಆನ್-ಆಫ್ ಮಾಡಿ, ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳ ಬುಡಕ್ಕೂ ಪೈಪಿನ ಕೂಡುಗಳಿಗೂ ಟಿಶ್ಯೂ ಕಾಗದ ಒತ್ತಿ ತೆಗೆಯಿರಿ. ಕಾಗದ ಒದ್ದೆಯಾದ ಕಡೆ ಓ-ರಿಂಗ್, ಅಂದರೆ ಸಂದು ಮುಚ್ಚುವ ರಬ್ಬರ್ ಉಂಗುರ, ಸತ್ತಿದೆ. ಪೆಟ್ರೋಲ್ ಒತ್ತಡವನ್ನು ಹದದಲ್ಲಿಡುವ ಪ್ರೆಷರ್ ರೆಗ್ಯುಲೇಟರ್‌ಗೆ ವ್ಯಾಕ್ಯೂಮ್ ಹೋಸ್ ಇದ್ದರೆ ಅದನ್ನೂ ಎಳೆದು ನೋಡಿ. ಒಳಗೆ ಪೆಟ್ರೋಲ್ ಇದ್ದರೆ ರೆಗ್ಯುಲೇಟರ್‌ನ ಒಳಪೊರೆ (ಡಯಾಫ್ರಮ್) ಹರಿದಿದೆ. ಪೆಟ್ರೋಲನ್ನು ಸಿಲಿಂಡರ್‌ನೊಳಕ್ಕೇ ಚಿಮ್ಮಿಸುವ ನೇರ ಇಂಜೆಕ್ಷನ್ ಎಂಜಿನ್‌ಗಳ ಅಧಿಕ ಒತ್ತಡದ ಪೈಪಿನ ಹತ್ತಿರ ಮಾತ್ರ ಕೈ ಒಯ್ಯಬೇಡಿ. ಅಲ್ಲಿನ ಸಣ್ಣ ಚಿಲುಮೆ ಚರ್ಮ ತೂರಿ ಒಳಗೆ ಹೋಗಬಲ್ಲದು.

ಪೈಪು ಬಿಚ್ಚುವ ಮುನ್ನ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಒತ್ತಡ ಇಳಿಸಬೇಕು. ಸೋರಿಕೆ ಕಣ್ಣಿಗೇ ಕಾಣುತ್ತಿದ್ದರೆ ಓಡಿಸುವುದನ್ನು ಬಿಟ್ಟು, ಎಂಜಿನ್ ತಣ್ಣಗಿರುವಾಗ ಕೂಡಿನ ಸುತ್ತ ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸಿ. ಹೊಸ ಹೋಸ್ ಇಂಜೆಕ್ಷನ್ ಒತ್ತಡಕ್ಕೆಂದೇ ಮಾಡಿದ್ದಾಗಿರಲಿ, ಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುತ್ತದೆ. ಕಾರ್ಬ್ಯುರೇಟರ್ ಕಾಲದ ಹೋಸ್ ನೋಡಲು ಹಾಗೇ ಇದ್ದರೂ ಈ ಒತ್ತಡಕ್ಕೆ ಬಾಳದು.

ಓಡುವಾಗ, ಏಸಿ ಹಾಕಿದರೆ ಮಾತ್ರ ಬರುವ ವಾಸನೆ ಬಾನೆಟ್ ಅಡಿಯದು. ಕ್ಯಾಬಿನ್ನಿಗೆ ಗಾಳಿ ಎಳೆಯುವ ಕಿಂಡಿ ಮುಂದಿನ ಗಾಜಿನ ಬುಡದಲ್ಲೇ ಇದೆ. ಕಣ್ಣುರಿಸುವ ಘಾಟು ಬೇರೆ, ಅದು ಸೈಲೆನ್ಸರ್‌ನಿಂದ ಸುಡದೆ ಬಂದ ಪೆಟ್ರೋಲ್. ಅದಕ್ಕೆ ಸ್ಪಾರ್ಕ್ ಪ್ಲಗ್, ಸೋರುವ ಇಂಜೆಕ್ಟರ್, ಆಕ್ಸಿಜನ್ ಸೆನ್ಸರ್ ನೋಡಬೇಕು. ಆಯಿಲ್ ಕಡ್ಡಿಯೂ ಪೆಟ್ರೋಲ್ ನಾರುತ್ತಾ ಮಟ್ಟ ಏರಿದ್ದರೆ ಆಯಿಲ್ ತೆಳುವಾಗಿದೆ, ಬದಲಿಸದೆ ಓಡಿಸಬೇಡಿ.

ರಿಪೇರಿ ಆದ ಮೇಲೆ ಎರಡು ಸಲ ಪರೀಕ್ಷಿಸಿ: ಒಮ್ಮೆ ಮರುದಿನ ಬೆಳಿಗ್ಗೆ ಕಾರು ತಣ್ಣಗಿರುವಾಗ, ಇನ್ನೊಮ್ಮೆ ಟ್ಯಾಂಕ್ ಪೂರ್ತಿ ತುಂಬಿಸಿದಾಗ. ಅರ್ಧ ಟ್ಯಾಂಕಿನಲ್ಲಿ ಪಾಸಾದ ಸೀಲ್ ಪೂರ್ತಿ ಟ್ಯಾಂಕಿನಲ್ಲಿ ಸೋರುವುದುಂಟು.