ಪದ ಪರಿಚಯ: ಇಎನ್‌ಎಸ್ ಹೆಸರು

ಇಥೀರಿಯಂ ಅಂದರೆ ಕ್ರಿಪ್ಟೋ ಹಣ ಓಡಾಡುವ ಒಂದು ಬ್ಲಾಕ್‌ಚೈನ್ ಜಾಲ. ಅದರಲ್ಲಿ ಒಬ್ಬರಿಗೆ ಹಣ ಕಳಿಸಬೇಕಾದರೆ ಅವರ ವ್ಯಾಲೆಟ್ (ಡಿಜಿಟಲ್ ಹಣದ ಚೀಲ) ವಿಳಾಸ ಬೇಕು. ಅದು ಸೊನ್ನೆ-ಎಕ್ಸ್‌ನಿಂದ ಶುರುವಾಗುವ 42 ಅಕ್ಷರ-ಅಂಕಿಗಳ ಸಾಲು. ಬಾಯಿಪಾಠ ಮಾಡೋಕಂತೂ ಆಗಲ್ಲ. ತಪ್ಪು ವಿಳಾಸಕ್ಕೆ ಹೋದ ಹಣ ವಾಪಸ್ ಬರುವುದೂ ಇಲ್ಲ. ಈ ತಾಪತ್ರಯ ತಪ್ಪಿಸಲು 2017ರ ಮೇ ತಿಂಗಳಲ್ಲಿ ಬಂದದ್ದು ಇಥೀರಿಯಂ ನೇಮ್ ಸರ್ವಿಸ್, ಅಂದರೆ ಇಎನ್‌ಎಸ್. ಉದ್ದನೆಯ ವಿಳಾಸದ ಜಾಗದಲ್ಲಿ ‘ಡಾಟ್ ಇಥ್’ (.eth) ಎಂದು ಕೊನೆಯಾಗುವ ಪುಟ್ಟ ಹೆಸರು. ಇಥೀರಿಯಂ ಹುಟ್ಟುಹಾಕಿದ ವಿಟಾಲಿಕ್ ಬುಟೆರಿನ್ ಅವರದ್ದು ‘ವಿಟಾಲಿಕ್ ಡಾಟ್ ಇಥ್’.

ಹೆಸರು ಕೊಂಡ ಮಾತ್ರಕ್ಕೆ ಅದು ನಿಮ್ಮ ಗುರುತಾಗುವುದಿಲ್ಲ. ಅದಕ್ಕೆ ‘ರೆಕಾರ್ಡ್’ಗಳನ್ನು ತುಂಬಬೇಕು: ಯಾವ ವ್ಯಾಲೆಟ್ ವಿಳಾಸ, ಯಾವ ವೆಬ್‌ಸೈಟ್, ಗಿಟ್‌ಹಬ್ ಖಾತೆ, ಒಂದೆರಡು ಸಾಲಿನ ಪರಿಚಯ, ಫೋಟೊ. ನಿಮ್ಮ ಬಳಿ ಇರುವ ಎನ್‌ಎಫ್‌ಟಿ (ಬ್ಲಾಕ್‌ಚೈನ್‌ನಲ್ಲಿ ಒಡೆತನ ದಾಖಲಾದ) ಚಿತ್ರವನ್ನೂ ಫೋಟೊ ಆಗಿ ಹಾಕಬಹುದು. ಇನ್ನೊಂದು ಕೆಲಸವನ್ನು ಜಾಸ್ತಿ ಜನ ಮರೆಯುತ್ತಾರೆ: ‘ಪ್ರೈಮರಿ ನೇಮ್’ ಇಡುವುದು. ಹೆಸರಿನಿಂದ ವಿಳಾಸ ಸಿಗುವುದು ಒಂದು, ವಿಳಾಸದಿಂದ ಹೆಸರು ಸಿಗುವುದು ಇನ್ನೊಂದು. ಈ ಎರಡನೆಯದನ್ನು ಮಾಡದಿದ್ದರೆ ಆ್ಯಪ್‌ಗಳು ನಿಮ್ಮ ಹೆಸರಿನ ಬದಲು ಅದೇ ಉದ್ದ ಸಾಲನ್ನು ತೋರಿಸುತ್ತವೆ.

ತುಂಬುವ ಮೊದಲು ಮಾತ್ರ ಯೋಚಿಸಿ. ಬ್ಲಾಕ್‌ಚೈನ್ ಎಲ್ಲರೂ ಓದಬಹುದಾದ ಲೆಕ್ಕದ ಪುಸ್ತಕ. ನಿಮ್ಮ ನಿಜ ಹೆಸರು ವ್ಯಾಲೆಟ್‌ಗೆ ಅಂಟಿಕೊಂಡ ಕ್ಷಣದಿಂದ, ಅದರಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಹೋಯಿತು ಎಂಬುದನ್ನು ಯಾರು ಬೇಕಾದರೂ ಈ ವಹಿವಾಟು ತೋರಿಸುವ ಈಥರ್‌ಸ್ಕ್ಯಾನ್ ವೆಬ್‌ಸೈಟ್‌ನಲ್ಲಿ ನೋಡಬಹುದು. ಬ್ಲಾಕ್‌ಚೈನ್ ಮೇಲೆ ಬರೆದ ಫೋನ್ ನಂಬರನ್ನು ಆಮೇಲೆ ಅಳಿಸಿದರೂ ಹಳೆಯ ದಾಖಲೆಯಲ್ಲಿ ಉಳಿದೇ ಇರುತ್ತದೆ. ಹಾಗಾಗಿ ಉಳಿತಾಯದ ವ್ಯಾಲೆಟ್‌ಗೆ ಹೆಸರಿಡಬೇಡಿ. ನಾಲ್ಕು ಜನಕ್ಕೆ ತೋರಿಸುವ ಹೆಸರಿಗೆ ಬೇರೆಯದೇ ವ್ಯಾಲೆಟ್ ಇರಲಿ.

ಈ ಹೆಸರು ಶಾಶ್ವತವಾಗಿ ನಿಮ್ಮದು ಅಂತ ಹೇಳುವವರಿದ್ದಾರೆ, ನಂಬಬೇಡಿ. ಇದು ಬಾಡಿಗೆ ಲೆಕ್ಕ. ಐದು ಅಥವಾ ಹೆಚ್ಚು ಅಕ್ಷರಕ್ಕೆ ವರ್ಷಕ್ಕೆ 5 ಡಾಲರ್, ನಾಲ್ಕಕ್ಕೆ 160, ಮೂರಕ್ಕೆ 640 ಎಂಬ ದರ ಇಟ್ಟಿದ್ದಾರೆ. ಜೊತೆಗೆ ನೆಟ್‌ವರ್ಕಿನ ‘ಗ್ಯಾಸ್’ ಶುಲ್ಕ, ಅಂದರೆ ವಹಿವಾಟು ದಾಖಲಿಸಲು ಕೊಡುವ ಹಣ. ಅವಧಿ ಮುಗಿದ ಮೇಲೆ 90 ದಿನ ಕಾಯುತ್ತಾರೆ, ಆಮೇಲೆ ಬೇರೆಯವರು ತೆಗೆದುಕೊಳ್ಳಬಹುದು.

ಡಾಟ್ ಇಥ್ ಮಾಮೂಲಿ ಇಂಟರ್‌ನೆಟ್ ಡೊಮೇನ್ ಅಲ್ಲ. ಕೆಲವು ಬ್ರೌಸರ್‌ ಬಿಟ್ಟರೆ ಉಳಿದವುಗಳಲ್ಲಿ ನೇರವಾಗಿ ತೆರೆಯುವುದಿಲ್ಲ. ಈಗಾಗಲೇ ಸ್ವಂತ ಡಾಟ್ ಕಾಮ್ ಇದ್ದವರು ಅದನ್ನೇ ಇಎನ್‌ಎಸ್‌ಗೆ ಜೋಡಿಸಿಕೊಳ್ಳಬಹುದು, ಹೊಸದು ಕೊಳ್ಳಲೇಬೇಕು ಅಂತೇನಿಲ್ಲ.