ನಾಲ್ವರಲ್ಲಿ ಮೂವರು ಒಪ್ಪಿದರೆ ನೀರು ಬಿಡಬಹುದೆ?

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳನ್ನು ಪಾಲು ಮಾಡುವ ವಿಭಾಗ ಪತ್ರದಲ್ಲಿ ಸರ್ವೆ ನಂಬರು, ಗುಂಟೆ, ಚಕ್ಕುಬಂದಿಯನ್ನು ಮನೆಮಂದಿಯೆಲ್ಲ ಕೂತು ಮತ್ತೆ ಮತ್ತೆ ತಾಳೆ ನೋಡುತ್ತಾರೆ. ಷರತ್ತುಗಳ ಪುಟ ಬಂದಾಗ ‘ಅದು ಎಲ್ಲ ಪತ್ರದಲ್ಲೂ ಇರೋದೇ ಅಲ್ವಾ ಸಾರ್’ ಎಂದು ಸಹಿ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಜಂಟಿಯಾಗಿ ಉಳಿಸಿಕೊಂಡ ಕೆರೆಗೆ ಸಾಮಾನ್ಯವಾಗಿ ಬರೆಸುವ ಸಾಲು ಇದು: ‘ಎಲ್ಲ ಪಾಲುದಾರರೂ ಒಪ್ಪದಿದ್ದಲ್ಲಿ ಕೆರೆಯ ನೀರನ್ನು ಹೊರಗಿನವರಿಗೆ ಕೊಡತಕ್ಕದ್ದಲ್ಲ.’ ಪಾಲುದಾರರು ನಾಲ್ವರು ಎನ್ನಿ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಪಕ್ಕದ ತೋಟದವರು ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ನೀರು ಕೇಳುತ್ತಾರೆ. ಮೂವರು ಹೂಂ ಅಂದರು, ಒಬ್ಬರು ಬೇಡ ಅಂದರು. ಕೊಡಬಹುದೆ?

‘ಎಲ್ಲರೂ ಒಪ್ಪಿದರು’ ಎಂಬ ಇಡೀ ಮಾತನ್ನು ಅಲ್ಲಗಳೆದು ಓದಿದರೆ, ಒಬ್ಬರು ಬೇಡವೆಂದರೂ ಕೊಡುವಂತಿಲ್ಲ. ‘ಒಪ್ಪದಿರುವುದು’ ಎಂಬುದನ್ನು ಮೊದಲು ಹಿಡಿದು ಅದನ್ನು ಎಲ್ಲರಿಗೂ ಅನ್ವಯಿಸಿದರೆ, ನಾಲ್ವರೂ ಬೇಡವೆಂದಾಗ ಮಾತ್ರ ತಡೆ. ಒಬ್ಬರ ಒಪ್ಪಿಗೆ ಇದ್ದರೂ ಈ ಸಾಲು ಅಡ್ಡ ಬರುವುದಿಲ್ಲ. ಪದಗಳು ಅವೇ. ಆ ಅಲ್ಲಗಳೆತ ‘ಎಲ್ಲ’ವನ್ನು ಒಳಗೆ ಹಾಕಿಕೊಂಡಿತೋ, ಹೊರಗೆ ಬಿಟ್ಟಿತೋ ಎಂಬುದಷ್ಟೇ ವ್ಯತ್ಯಾಸ. ಮಾತಾಡುವಾಗ ದನಿಯ ಒತ್ತಿನಿಂದ ತಿಳಿಯುತ್ತದೆ, ಬರಹದಲ್ಲಿ ಆ ಆಸರೆ ಇಲ್ಲ.

ಸಹಿಗೆ ಮುಂಚೆ ಒಂದು ಚೀಟಿಯಲ್ಲಿ 0, 1, 2, 3, 4 ಎಂದು ಬರೆಯಿರಿ. ಅದು ಒಪ್ಪಿದವರ ಸಂಖ್ಯೆ. ಪ್ರತಿ ಅಂಕಿಯ ಮುಂದೆ ‘ಕೊಡಬಹುದು’ ಅಥವಾ ‘ಕೂಡದು’ ಎಂದು ಪಾಲುದಾರರು ತಂತಮ್ಮಷ್ಟಕ್ಕೆ ಗುರುತು ಹಾಕಲಿ. 0 ಮತ್ತು 4ರಲ್ಲಿ ತಕರಾರು ಬರುವುದಿಲ್ಲ. 1, 2, 3ರಲ್ಲಿ ಉತ್ತರ ಬೇರೆಯಾದರೆ ಸಾಲು ಬದಲಾಗಲೇಬೇಕು.

ಎಲ್ಲರ ಒಪ್ಪಿಗೆಯೂ ಬೇಕೆಂದಿದ್ದರೆ, ‘ಒಬ್ಬ ಪಾಲುದಾರ ಒಪ್ಪದಿದ್ದರೂ ಕೊಡತಕ್ಕದ್ದಲ್ಲ’ ಎಂದು ಬರೆಸಿ. ಬಹುಮತ ಸಾಕೆಂದಿದ್ದರೆ, ‘ಕನಿಷ್ಠ ಮೂವರು ಲಿಖಿತವಾಗಿ ಒಪ್ಪಿದರೆ ಮಾತ್ರ ಕೊಡಬಹುದು’. ಇಲ್ಲಿ ‘ಮಾತ್ರ’ ಬಿಡಬೇಡಿ. ಅದಿಲ್ಲದಿದ್ದರೆ ಮೂವರು ಒಪ್ಪಿದಾಗ ಏನೆಂಬುದಷ್ಟೇ ತಿಳಿಯುತ್ತದೆ. ಇಬ್ಬರೇ ಒಪ್ಪಿದರೆ ಏನು ಎಂಬುದಕ್ಕೆ ಆ ಸಾಲಿನಲ್ಲಿ ಖಚಿತ ಉತ್ತರ ಇರುವುದಿಲ್ಲ.

‘ನಮ್ಮ ಉದ್ದೇಶ ಏನಿತ್ತೆಂದು ಸಾಕ್ಷಿ ಹಾಕಿ ಹೇಳ್ತೀವಿ’ ಎನ್ನುವವರಿದ್ದಾರೆ. 1872ರ ಸಾಕ್ಷ್ಯ ಕಾಯ್ದೆಯ 93ನೇ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 96, ಆ ದಾರಿಯನ್ನು ಬಹುಮಟ್ಟಿಗೆ ಮುಚ್ಚುತ್ತದೆ: ಪತ್ರದ ಭಾಷೆ ಮೇಲ್ನೋಟಕ್ಕೇ ದ್ವಂದ್ವಾರ್ಥದ್ದಾಗಿದ್ದರೆ ಅದರ ಅರ್ಥ ತೋರಿಸಲು ಹೊರಗಿನ ಸಾಕ್ಷ್ಯ ತರುವಂತಿಲ್ಲ. ಹಳೆಯ ಕಾಯ್ದೆ ಕೊಟ್ಟ ಉದಾಹರಣೆಯಲ್ಲಿ ಕುದುರೆಯ ಬೆಲೆ ‘1,000 ರೂ. ಅಥವಾ 1,500 ರೂ.’ ಎಂದಿದೆ, ಯಾವ ಬೆಲೆ ಎಂಬುದಕ್ಕೆ ಸಾಕ್ಷ್ಯ ಸಲ್ಲದು. ನಿಮ್ಮ ಸಾಲು ಈ ಕಲಮಿನಡಿ ಬರುತ್ತದೆಯೇ ಎಂಬುದನ್ನು ನ್ಯಾಯಾಲಯ ಇಡೀ ಪತ್ರ ಓದಿಯೇ ತೀರ್ಮಾನಿಸುತ್ತದೆ. ಹಾಗಾಗಿ ಖಚಿತ ಭರವಸೆ ಯಾರೂ ಕೊಡಲಾರರು.

ನೋಂದಣಿ ಆಗಿಹೋಗಿದ್ದರೆ ತಿದ್ದುಪಡಿ ಪತ್ರ ಮಾಡಿಸಬಹುದು. ಅದಕ್ಕೆ ನಾಲ್ವರ ಸಹಿಯೂ ಬೇಕು. ಅಣ್ಣತಮ್ಮಂದಿರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿರುವಾಗಲೇ ಮಾಡಿಸಿಕೊಳ್ಳಿ.