ವೀಡಿಯೊ ಪಾಠಕ್ಕೂ ನಾಲ್ಕು ಜ್ವರ ಬೇಕು

ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರನ್ನು "ಹುಳ ಹೇಗಿದೆ?" ಅಂತ ಕೇಳಿದರೆ "ಮೂರನೇ ಜ್ವರದಲ್ಲಿದೆ" ಎನ್ನುತ್ತಾರೆ. ಕಾಯಿಲೆ ಅಲ್ಲ, ಪೊರೆ ಬಿಡುವ ಹೊತ್ತು. ಹುಳ ತಲೆ ಎತ್ತಿಕೊಂಡು ಸುಮ್ನೆ ಕೂತಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಇಂಥ ನಾಲ್ಕು ಜ್ವರ ದಾಟಿದ ಮೇಲೇ ಅದು ಗೂಡು ಕಟ್ಟುವುದು. ಜ್ವರದಲ್ಲಿರುವ ಹುಳಕ್ಕೆ ಯಾರೂ ಸೊಪ್ಪು ಸುರಿಯುವುದಿಲ್ಲ.

ನಾನು ಸುರಿದಿದ್ದೇನೆ. ಲಾಕ್‌ಡೌನ್‌ನಲ್ಲಿ 50 ನಿಮಿಷದ ಜೀವಶಾಸ್ತ್ರದ ಪಾಠಗಳನ್ನು ಒಂದೇ ಉಸಿರಿಗೆ ರೆಕಾರ್ಡ್ ಮಾಡಿ ಕಳಿಸುತ್ತಿದ್ದೆ. ಒಬ್ಬ ಹುಡುಗ ಚಂದ್ರಿಕೆಗೆ (ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಗೆ) ಮೊಬೈಲ್ ಒರಗಿಸಿ, ಡಬಲ್ ಸ್ಪೀಡಿನಲ್ಲಿ ನೋಡುತ್ತಿದ್ದನಂತೆ. "ಪೂರ್ತಿ ಅರ್ಥ ಆಯ್ತು ಸಾರ್" ಅಂದ. ಕಾಲೇಜು ತೆರೆದ ಮೇಲೆ ಬೋರ್ಡ್ ಹತ್ತಿರ ಕರೆದು, ಹೃದಯದೊಳಗೆ ರಕ್ತ ಹರಿಯುವ ದಾರಿ ಬರಿ ಅಂದೆ. ಚಾಕ್‌ಪೀಸ್ ಹಿಡಿದು ನಿಂತೇ ಇದ್ದ.

ಹುಡುಗ ಸುಳ್ಳು ಹೇಳಿರಲಿಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮಜವಾಗಿದೆ. ತಟ್ಟೆ ಲೋಟ ಬೀಳದ ಹಾಗೆ ಮೇಜಿನ ಬಟ್ಟೆ ಸರ್ರನೆ ಎಳೆಯುವ ವೀಡಿಯೊವನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ 20 ಸಲ ತೋರಿಸಿದರು. ಜಾಸ್ತಿ ನೋಡಿದವರಿಗೆ ನಾನೂ ಮಾಡಬಲ್ಲೆ ಅನ್ನುವ ಧೈರ್ಯ ಜಾಸ್ತಿ ಆಯಿತು. ಅದೇ ಅಧ್ಯಯನದಲ್ಲಿ ಗುರಿಗೆ ಡಾರ್ಟ್ ಎಸೆಯುವ ವೀಡಿಯೊ 20 ಸಲ ನೋಡಿದವರಿಗೂ ಧೈರ್ಯ ಹೆಚ್ಚಿತು, ಕೈಚಳಕ ಹೆಚ್ಚಲಿಲ್ಲ. ಮುದ್ದೆ ಗಂಟಲಲ್ಲಿ ಜಾರಿದಷ್ಟು ಸಲೀಸಾಗಿ ವೀಡಿಯೊ ಜಾರುತ್ತದೆ. ಆ ಸಲೀಸನ್ನೇ ನಾವು ಕಲಿಕೆ ಅಂದುಕೊಳ್ಳುತ್ತೇವೆ.

ಕಲಿಕೆ ಗಟ್ಟಿಯಾಗುವುದು ತಲೆಗೆ ಹಾಕುವಾಗಲ್ಲ, ತಲೆಯಿಂದ ತೆಗೆಯುವಾಗ. ನೆನಪೆಂಬುದು ಬಾವಿ, ಸೇದಿದಷ್ಟೂ ಊಟೆ ಒಡೆಯುತ್ತದೆ ಅನ್ನೋಣವೆಂದರೆ ನಮ್ಮ ಕಡೆ ಬಾವಿಗಳು ಬತ್ತಿ ಎಷ್ಟೋ ಕಾಲವಾಯಿತು. ಹೊಲದ ಕಾಲುದಾರಿ ಅಂದುಕೊಳ್ಳಿ. ಬದುವಿನ ಮೇಲೆ ನಿಂತು ನೋಡಿದರೆ ದಾರಿ ಮೂಡುವುದಿಲ್ಲ, ನಡೆಯಬೇಕು. ಪ್ರತಿ ಸಲ ನೆನಪು ಮಾಡಿಕೊಂಡಾಗಲೂ ಒಂದು ಸಲ ನಡೆದ ಹಾಗೆ. ತಡವರಿಸಿ ನಡೆದರೂ ಕಾಲು ಹುಲ್ಲನ್ನು ತುಳಿದೇ ತುಳಿಯುತ್ತದೆ.

2013ರಲ್ಲಿ ಹಾರ್ವರ್ಡ್‌ನವರು 21 ನಿಮಿಷದ ಸಂಖ್ಯಾಶಾಸ್ತ್ರದ ವೀಡಿಯೊವನ್ನು ನಾಲ್ಕು ತುಂಡು ಮಾಡಿದರು. ನಾಲ್ಕೇ, ನೋಡಿ! ಒಂದು ಗುಂಪಿಗೆ ಪ್ರತಿ ತುಂಡು ಮುಗಿದಾಗ ಪುಟ್ಟ ಪರೀಕ್ಷೆ, ಇನ್ನೊಂದಕ್ಕೆ ಇಲ್ಲ. "ಈಗ ಮನಸ್ಸು ಎಲ್ಲಿದೆ?" ಅಂತ ನಡುನಡುವೆ ವಿಚಾರಿಸಿದಾಗ, ಪರೀಕ್ಷೆ ಇಲ್ಲದವರ ಗಮನ 41% ಸಲ ಬೇರೆಲ್ಲೋ ಇತ್ತು. ಪರೀಕ್ಷೆ ಇದ್ದವರದು 19% ಸಲ.

ಆದರೂ ಕಾಲೇಜುಗಳು ದುಡ್ಡು ಹಾಕುವುದು ಸ್ಟುಡಿಯೊಗೆ, ತಿರುಗುವ ಗ್ರಾಫಿಕ್ಸಿಗೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಪಾಠಗಳ ತಾಣದಲ್ಲಿ ವೀಡಿಯೊ ನೋಡಿದ 69 ಲಕ್ಷ ದಾಖಲೆಗಳನ್ನು ಜಾಲಾಡಿದ 2014ರ ಅಧ್ಯಯನದ ಪ್ರಕಾರ, ಆರು ನಿಮಿಷ ದಾಟಿದ ವೀಡಿಯೊಗಳಲ್ಲಿ ಜನ ನಿಲ್ಲುವುದು ಕಷ್ಟ. ದುಬಾರಿ ಸ್ಟುಡಿಯೊಗಿಂತ ಮೇಷ್ಟ್ರು ಮೇಜಿನ ಹಿಂದೆ ಕೂತು ಮಾತಾಡಿದ್ದೇ ಜನರನ್ನು ಹಿಡಿದಿಟ್ಟಿತ್ತು.

ತೆರೆಯ ಮೇಲಿನ ನಂಬಿಕೆ ಹಳೆಯದು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಬಂತು. ಕರ್ನಾಟಕದ ಹಳ್ಳಿಗಳೂ ಇದ್ದವು. ಆದರೆ ಆ ಟಿವಿಗೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಗೊತ್ತಿರಲಿಲ್ಲ. ಇವತ್ತಿನ ಮೊಬೈಲಿಗೆ ಗೊತ್ತು. ವೀಡಿಯೊ ನಡುವೆ ಪ್ರಶ್ನೆ ಸೇರಿಸುವ ಎಚ್‌ಫೈವ್‌ಪಿಯಂಥ (H5P) ಪುಕ್ಕಟೆ ತಂತ್ರಾಂಶ ಸಾಕು.

ಈಗ ನನ್ನ ಪಾಠ ಐದು ನಿಮಿಷಕ್ಕೊಮ್ಮೆ ನಿಲ್ಲುತ್ತದೆ. ಉತ್ತರ ಬರೆಯುವ ತನಕ ಮುಂದಕ್ಕೆ ಹೋಗುವುದಿಲ್ಲ. ಮೊದಲ ವಾರ ಫೋನ್ ಬಂತು: "ಸಾರ್, ನೆಟ್ ಪ್ರಾಬ್ಲಂ ಅಂದ್ಕೊಂಡು ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ನೀವೇನಾ ನಿಲ್ಲಿಸ್ತಿರೋದು?"